ಕನಿಕರ ಬದಿಗಿಟ್ಟು ಕೇಳಬೇಕಾದ ಹಾಡು

2013ರಲ್ಲಿ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ ಸ್ಪರ್ಧೆಯ ಎಂಟನೆಯ ಆವೃತ್ತಿಗೆ ‘ಅಮೆರಿಕನ್ ಮಿಲಿಟರಿ ಸ್ಪೌಸಸ್ ಕ್ವಾಯರ್’ ಎಂಬ ಗಾಯನವೃಂದ ಬಂದಿತ್ತು. ಸೈನಿಕರನ್ನು ಮದುವೆಯಾದವರು ಸೇರಿ ಕಟ್ಟಿಕೊಂಡ ವೃಂದ ಅದು. ಎದುರಿಗೆ ಹೋವರ್ಡ್ ಸ್ಟರ್ನ್, ಹೋವೀ ಮ್ಯಾಂಡೆಲ್, ಹೈಡಿ ಕ್ಲೂಮ್, ಮೆಲ್ ಬಿ ಎಂಬ ನಾಲ್ವರು ತೀರ್ಪುಗಾರರು. ಗೆದ್ದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ. ಅದೇ ಕಣದಲ್ಲಿ ಹಾಸ್ಯಗಾರರು, ಜಾದೂಗಾರರು, ಕಸರತ್ತಿನವರು ಎಲ್ಲ ಇದ್ದರು. ಕೊನೆಗೆ ಗೆದ್ದದ್ದು ನರ್ತಕ ಕೆನಿಚಿ ಎಬಿನಾ. ಈ ವೃಂದ ಗೆಲ್ಲಲಿಲ್ಲ ಎಂಬುದು ನನಗೆ ಬೇಸರದ ಸಂಗತಿಯಲ್ಲ. ಅವರ ಹಾಡನ್ನು ಹಾಡೆಂದು ಅಳೆಯಲು ಆ ವೇದಿಕೆಯಲ್ಲಿ ಜಾಗವೇ ಇರಲಿಲ್ಲ ಎಂಬುದು ನನ್ನ ತಕರಾರು.

ಇಂಥ ಸ್ಪರ್ಧೆಗಳ ರೀತಿ ಕನ್ನಡದ ಪ್ರೇಕ್ಷಕರಿಗೆ ಹೊಸದಲ್ಲ. ನಮ್ಮ ರಿಯಾಲಿಟಿ ಶೋಗಳಲ್ಲೂ ಹಾಡಿಗೆ ಮುಂಚೆ ಹಾಡುವವರ ಕಷ್ಟದ ವಿಡಿಯೊ ಬರುತ್ತದೆ. ಅದು ಮುಗಿಯುವ ಹೊತ್ತಿಗೆ ನೋಡುವವರ ಕಣ್ಣು ತೇವವಾಗಿರುತ್ತದೆ, ಶ್ರುತಿ ತುಸು ಜಾರಿದರೂ ಯಾರೂ ಆಡಿಕೊಳ್ಳುವುದಿಲ್ಲ. ಇನ್ನು ಗಂಡ ಯುದ್ಧಭೂಮಿಯಲ್ಲಿರುವ ಹೆಣ್ಣುಮಗಳು ಮೈಕ್ ಮುಂದೆ ನಿಂತರೆ ಹೇಳುವುದೇ ಬೇಡ. ಅವಳ ಆಲಾಪ ಸಪ್ಪೆ ಎಂದು ಹೇಳುವ ಧೈರ್ಯ ಯಾವ ತೀರ್ಪುಗಾರರಿಗಿದೆ? ತೆಗಳಲು ಅವಕಾಶವೇ ಇಲ್ಲದ ಕಡೆ ಹೊಗಳಿಕೆಗೂ ಬೆಲೆ ಇರುವುದಿಲ್ಲ. ಆ ಹೆಂಗಸರು ವಾರಗಟ್ಟಲೆ ಬೆವರು ಹರಿಸಿ ಸಾಧಿಸಿದ ಸ್ವರಶುದ್ಧಿಯೂ, ಸಾಧಿಸದೆ ಬಿಟ್ಟ ಒರಟುತನವೂ ಒಂದೇ ಚಪ್ಪಾಳೆಯಲ್ಲಿ ಮುಚ್ಚಿಹೋಗುತ್ತವೆ. ಇದನ್ನು ಗೌರವ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ತೊಡಕು ಸ್ಪರ್ಧೆಯ ಹುಟ್ಟುಗುಣದಲ್ಲೇ ಇದೆ. ಅದಕ್ಕೆ ಬೇಕಾದದ್ದು ಒಬ್ಬ ತಾರೆ. ವೃಂದಗಾಯನದ ಕಸುಬು ಇದಕ್ಕೆ ತೀರಾ ವಿರುದ್ಧ: ಪಕ್ಕದವಳ ದನಿಗಿಂತ ತನ್ನ ದನಿ ಮೇಲೇಳದಂತೆ ಹಿಡಿಯುವುದು, ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಸ್ವರವನ್ನು ಬಿಡದೆ ನಿಲ್ಲಿಸಿಕೊಳ್ಳುವುದು. ಕ್ಯಾಮೆರಾ ಮಾತ್ರ ಸಾಲಿನಿಂದ ಸಾಲಿಗೆ ಕಣ್ಣೀರಿರುವ ಮುಖ ಹುಡುಕುತ್ತ ಹೋಗುತ್ತದೆ. ಎರಡು ನಿಮಿಷವೂ ಸಿಗದ ಹಾಡಿನಲ್ಲಿ ಆರೋಹಣಕ್ಕೆ ಬೇಕಾದ ತಾಳ್ಮೆಗೆ ಎಡೆಯಿಲ್ಲ, ಶುರುವಿನಿಂದಲೇ ಗಟ್ಟಿದನಿ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಬ್ರಿಟನ್ನಿನಲ್ಲಿ ಎರಡು ವರ್ಷ ಮೊದಲು ನಡೆದದ್ದನ್ನು. 2011ರ ನವೆಂಬರಿನಲ್ಲಿ ಬಿಬಿಸಿ ಟೂ ವಾಹಿನಿ ‘ದಿ ಕ್ವಾಯರ್: ಮಿಲಿಟರಿ ವೈವ್ಸ್’ ಎಂಬ ಸರಣಿಯನ್ನು ಪ್ರಸಾರ ಮಾಡಿತು. ವೃಂದನಾಯಕ ಗ್ಯಾರೆತ್ ಮಲೋನ್ ಡೆವನ್ ಜಿಲ್ಲೆಯ ಚಿವೆನರ್ ಸೇನಾನೆಲೆಗೆ ಹೋಗಿ, ಅಫ್ಘಾನಿಸ್ತಾನಕ್ಕೆ ಹೊರಟಿದ್ದ ಯೋಧರ ಮನೆಯ ಹೆಂಗಸರನ್ನು ಸೇರಿಸಿ ಹಾಡಿಸಿದರು. ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಸೈನಿಕರ ಪತ್ನಿಯರ ವೃಂದ ಮಲೋನ್ ಹುಟ್ಟುಹಾಕಿದ್ದಲ್ಲ. ಅದಕ್ಕೆ ಹಿಂದಿನ ವರ್ಷ, 2010ರಲ್ಲಿ, ಉತ್ತರ ಯಾರ್ಕ್‌ಶೈರಿನ ಕ್ಯಾಟರಿಕ್ ದಂಡುಪ್ರದೇಶದಲ್ಲಿ ಸ್ಕಾಟ್ಸ್ ಗಾರ್ಡ್ಸ್ ಪಡೆಯ ಇಬ್ಬರು ಪತ್ನಿಯರು ಅದನ್ನು ತಾವೇ ಶುರುಮಾಡಿದ್ದರು. ಮಲೋನ್‌ಗೆ ಪತ್ರ ಬರೆದದ್ದೂ ಅವರೇ. ಸರಣಿಯನ್ನು ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಮಾತ್ರ ಹೊರಗಿನಿಂದ ಬಂದು ಹೆಂಗಸರಿಗೆ ದನಿ ಕೊಟ್ಟ ಗುರುವಿನ ಚಿತ್ರ. ಸರಣಿಯ ಮೇಲೆ ನನಗಿರುವ ದೊಡ್ಡ ಆಕ್ಷೇಪಣೆ ಇದು.

ಆದರೂ ಸ್ಪರ್ಧೆಯ ವೇದಿಕೆ ಮಾಡಲಾಗದ ಕೆಲಸವನ್ನು ಈ ಸರಣಿ ಮಾಡಿತು. ಅದು ತಾಲೀಮನ್ನು ತೋರಿಸಿತು. ತಮಗೆ ಹಾಡಲು ಬರುವುದೇ ಇಲ್ಲ ಎಂದುಕೊಂಡವರು, ದೊಡ್ಡ ದನಿ ತೆಗೆಯಲು ನಾಚುವವರು, ಪದ ಮರೆತು ಪಕ್ಕದವರ ಬಾಯಿ ನೋಡುವವರು ಅಲ್ಲಿ ಕಾಣುತ್ತಾರೆ. ಸೇನಾನೆಲೆಯ ಬದುಕಿನ ಒಂದು ಒಳಸುಳಿಯೂ ಸಿಗುತ್ತದೆ. ಅಲ್ಲಿ ಗಂಡನ ಹುದ್ದೆಯೇ ಹೆಂಡತಿಯ ಗುರುತು, ಅಧಿಕಾರಿಯ ಮನೆಯವಳಿಗೂ ಸಾಮಾನ್ಯ ಸಿಪಾಯಿಯ ಮನೆಯವಳಿಗೂ ಒಡನಾಟ ಸುಲಭವಲ್ಲ. ಹೆಂಗಸರ ಕೆಳದನಿಯಾದ ಆಲ್ಟೊ ಸಾಲಿನಲ್ಲಿ ಪಕ್ಕಪಕ್ಕ ನಿಂತಾಗ ಹುದ್ದೆ ಲೆಕ್ಕಕ್ಕೆ ಬರುವುದಿಲ್ಲ, ಶ್ರುತಿಯಷ್ಟೇ ಬರುತ್ತದೆ. ಸಂಗೀತಕ್ಕೆ ಸಮಾಜವನ್ನು ಬದಲಿಸುವ ಶಕ್ತಿಯಿದೆ ಎಂಬ ದೊಡ್ಡ ಮಾತನ್ನು ನಾನು ಆಡುವುದಿಲ್ಲ. ಒಂದು ಸಾಲಿನ ಮಟ್ಟಿಗೆ ಆ ಬದಲಾವಣೆ ಕಣ್ಣಿಗೆ ಕಾಣುತ್ತದೆ ಎಂಬುದಂತೂ ನಿಜ.

ಆ ಸರಣಿಯ ಫಲವಾಗಿ ಹುಟ್ಟಿದ ಹಾಡು ‘ವೇರೆವರ್ ಯೂ ಆರ್’. ಸಂಯೋಜಕ ವೇಲ್ಸಿನ ಪಾಲ್ ಮೀಲರ್. ಅದೇ ವರ್ಷ ಏಪ್ರಿಲಿನಲ್ಲಿ ರಾಜಕುಮಾರ ವಿಲಿಯಂ ಮದುವೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹಾಡಿದ ‘ಉಬಿ ಕಾರಿಟಾಸ್’ ಕೂಡ ಅವರ ಕೃತಿಯೇ. ಈ ಹಾಡನ್ನು ಕೇಳುವ ಬಗೆಯನ್ನು ತುಸು ವಿವರವಾಗಿ ಹೇಳಬೇಕು. ನಮ್ಮ ಸಮೂಹಗಾನದಲ್ಲಿ ಎಲ್ಲರೂ ಹಾಡುವುದು ಒಂದೇ ಮಟ್ಟನ್ನು. ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಚರ್ಚುಗಳಲ್ಲಿ ಕನ್ನಡ ಕೀರ್ತನೆಗಳನ್ನು ಕೇಳಿದವರಿಗೆ ಇನ್ನೊಂದು ಬಗೆಯೂ ಗೊತ್ತಿರುತ್ತದೆ: ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ದನಿಗಳು ಏಕಕಾಲಕ್ಕೆ ಬೇರೆಬೇರೆ ಸ್ವರಗಳನ್ನು ಹಿಡಿದು ಸಾಗುವುದು. ಹೆಂಗಸರ ವೃಂದದಲ್ಲಿ ಕೆಳಗಿನ ಎರಡು ದನಿಗಳಿಲ್ಲ. ಗಂಡಸರ ದನಿ ತುಂಬಬೇಕಾದ ಆ ಮಂದ್ರಸ್ಥಾಯಿ ಖಾಲಿ. ಹೀಗಾಗಿ ಇಡೀ ಭಾರ ಆಲ್ಟೊಗಳ ಮೇಲೆ ಬೀಳುತ್ತದೆ.

ಮೀಲರ್ ಈ ಕೊರತೆಯನ್ನೇ ಕೃತಿಯ ಗುಣವಾಗಿ ಬಳಸಿಕೊಂಡಿದ್ದಾರೆ. ಒಂಟಿ ದನಿ ಮೊದಲು ಮಟ್ಟನ್ನು ಎತ್ತಿಕೊಳ್ಳುತ್ತದೆ, ಆಮೇಲೆ ವೃಂದ ಅದರ ಅಡಿಗೆ ಬಂದು ಸೇರುತ್ತದೆ. ಒಂದು ಸ್ವರಮೇಳ ಕರಗುವ ಮುನ್ನವೇ ಮುಂದಿನದರ ಒಂದು ಸ್ವರ ಒಳಗೆ ಬಂದಿರುತ್ತದೆ, ಆ ಕ್ಷಣದ ಉಜ್ಜಾಟ ಬಗೆಹರಿಯುವತನಕ ಕೇಳುವವರಿಗೂ ನಿರಾಳವಿಲ್ಲ. ಕಾಯುವುದು ಎಂಬ ಅನುಭವಕ್ಕೆ ಇದಕ್ಕಿಂತ ತಕ್ಕ ಸ್ವರರೂಪ ಸಿಗುವುದು ಕಷ್ಟ. ಪಳಗದ ಕಂಠಗಳಿಗೆ ಈ ಬಗೆಯ ಉಜ್ಜಾಟವನ್ನು ತಡೆದು ನಿಲ್ಲಿಸುವುದು ಹೆಚ್ಚಿನ ಸ್ವರ ಮುಟ್ಟುವುದಕ್ಕಿಂತ ಕಠಿಣ. ಪಕ್ಕದವಳು ಹಾಡುತ್ತಿರುವ ಸ್ವರದ ಕಡೆಗೆ ತನ್ನ ಸ್ವರ ಜಾರಲು ಸದಾ ಹವಣಿಸುತ್ತಿರುತ್ತದೆ. ಅವರು ಜಾರಲಿಲ್ಲ. ಕಸುಬಿನ ದೃಷ್ಟಿಯಿಂದ ಅವರಿಗೆ ಸಲ್ಲಬೇಕಾದ ಹೊಗಳಿಕೆ ಇದು, ಯಾರೂ ಹೇಳದೆ ಬಿಟ್ಟದ್ದೂ ಇದನ್ನೇ. ಹಾಡಿನ ತುದಿಯ ಏರಿಕೆ ಮಾತ್ರ ನನಗೆ ಹಿಡಿಸುವುದಿಲ್ಲ. ದನಿ ಎಲ್ಲಿ ಉಬ್ಬುತ್ತದೆ ಎಂಬುದು ಮೊದಲ ಸಲ ಕೇಳುವವರಿಗೂ ಮುಂಚೆಯೇ ತಿಳಿದುಬಿಡುತ್ತದೆ. ಅಷ್ಟು ಹೊತ್ತು ಜೋಪಾನವಾಗಿ ಕಟ್ಟಿದ ಒಳದನಿಗಳೂ ಆ ಉಬ್ಬರದಲ್ಲಿ ಕೇಳದಾಗುತ್ತವೆ.

ಸಾಹಿತ್ಯದ ಬಗ್ಗೆ ನನಗೆ ಇನ್ನೂ ಹೆಚ್ಚು ದೂರಿದೆ. ಹೆಂಗಸರು ಮತ್ತು ಅವರ ಗಂಡಂದಿರ ನಡುವೆ ಓಡಾಡಿದ ಪತ್ರಗಳಿಂದ ಮಾತುಗಳನ್ನು ಆಯ್ದು ಇದನ್ನು ಹೆಣೆಯಲಾಯಿತು. ಬ್ರಿಟಿಷ್ ಸೈನಿಕರ ಮನೆಗಳಲ್ಲಿ ‘ಬ್ಲೂಯಿ’ ಎಂದರೆ ಎಲ್ಲರಿಗೂ ಗೊತ್ತು. ನಮ್ಮ ಹಳೆಯ ಇನ್‌ಲ್ಯಾಂಡ್ ಪತ್ರದ ಹಾಗೆ ಮಡಚಿದರೆ ತಾನೇ ಲಕೋಟೆಯಾಗುವ ತೆಳು ನೀಲಿ ಹಾಳೆ, ಅಂಚೆಖರ್ಚಿಲ್ಲದೆ ರಣರಂಗಕ್ಕೆ ಹೋಗಿಬರುತ್ತದೆ. ಅಂಥ ಪತ್ರದಲ್ಲಿ ಮಗುವಿನ ಜ್ವರ, ಕೆಟ್ಟುಹೋದ ಕಾರು, ತೀರದ ಬಿಲ್ಲು, ‘ನೀನಿಲ್ಲದೆ ಎಲ್ಲ ನನ್ನ ತಲೆಗೇ ಬಿತ್ತು’ ಎಂಬ ಸಿಡುಕು ಇಲ್ಲದಿರುತ್ತದೆಯೆ? ಹಾಡಿನೊಳಗೆ ಅದೊಂದೂ ಬರಲಿಲ್ಲ. ಉಳಿದದ್ದು ನಕ್ಷತ್ರ, ಬೆಳಕು, ಪ್ರೀತಿ. ಅಷ್ಟೇ ಅಲ್ಲ, ಕ್ರಿಸ್ತನಿಗೆ ಸಲ್ಲುವ ಶಾಂತಿಯ ಒಡೆಯನೆಂಬ ಬೈಬಲ್ ಸಂಬೋಧನೆಯನ್ನು ಇಲ್ಲಿ ಕೋವಿ ಹಿಡಿದು ಅಫ್ಘಾನಿಸ್ತಾನದ ಹೆಲ್ಮಂಡಿಗೆ ಹೋದ ಗಂಡನಿಗೆ ಕೊಡಲಾಗಿದೆ. ಹೆಂಡತಿಯ ಮನಸ್ಸಿನಲ್ಲಿ ಅವನು ಹಾಗೇ ಇರಬಹುದು, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಬ್ರಿಟನ್ 457 ಯೋಧರನ್ನು ಕಳೆದುಕೊಂಡ ಯುದ್ಧ ಅದು, ಅಫ್ಘನ್ನರು ಕಳೆದುಕೊಂಡದ್ದು ಅದಕ್ಕೂ ಎಷ್ಟೋ ಪಾಲು ಹೆಚ್ಚು. ಯಾಕೆ ಕಳಿಸಿದಿರಿ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಇದ್ದವರು ಈ ಹೆಂಗಸರೇ. ಹಾಡು ಆ ಪ್ರಶ್ನೆಯನ್ನು ಅವರ ಬಾಯಿಂದ ತೆಗೆದುಬಿಟ್ಟಿತು. ನವೆಂಬರಿನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನ ‘ಫೆಸ್ಟಿವಲ್ ಆಫ್ ರಿಮೆಂಬ್ರೆನ್ಸ್’ನಲ್ಲಿ ರಾಣಿ ಎಲಿಜಬೆತ್ ಎದುರು ಹಾಡುವಾಗ ಅಂಥ ಪ್ರಶ್ನೆ ಸಭೆಗೆ ಒಗ್ಗದು ಎಂಬುದು ಸರಿಯೇ. ಹುತಾತ್ಮರ ಸ್ಮರಣೆಯ ಆ ಸಭೆಗೆ ಹೊಂದುವಂತೆ ಹಾಡನ್ನು ಅಳತೆ ಕೊಟ್ಟು ಹೊಲಿಸಿದಂತಿದೆ, ಅದೇ ಅದರ ಮಿತಿ.

ಆ ಡಿಸೆಂಬರಿನಲ್ಲಿ ನಡೆದದ್ದು ಎಲ್ಲರಿಗೂ ನೆನಪಿರುವ ಕಥೆ. ಬ್ರಿಟನ್ನಿನಲ್ಲಿ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಕ್ರಿಸ್‌ಮಸ್ ವಾರದ ಮೊದಲ ಸ್ಥಾನವೆಂದರೆ ಪ್ರತಿಷ್ಠೆಯ ಮಾತು. 2005ರಿಂದ, 2009 ಒಂದನ್ನು ಬಿಟ್ಟರೆ, ‘ಎಕ್ಸ್ ಫ್ಯಾಕ್ಟರ್’ ಪ್ರತಿಭಾ ಸ್ಪರ್ಧೆಯಲ್ಲಿ ಗೆದ್ದವರೇ ಅದನ್ನು ಹಿಡಿದುಕೊಂಡಿದ್ದರು. 2011ರಲ್ಲಿ ಗೆದ್ದ ‘ಲಿಟಲ್ ಮಿಕ್ಸ್’ ತಂಡವನ್ನು ಹಿಂದಿಕ್ಕಿ, ಯಾವ ತೀರ್ಪುಗಾರರ ಮುಂದೆಯೂ ನಿಲ್ಲದ ಈ ವೃಂದ ಒಂದೇ ವಾರದಲ್ಲಿ ತನ್ನ ಹಾಡಿನ ಐದೂವರೆ ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಮಾರಿತು. ರೇಡಿಯೊ ಟೂ ನಿರೂಪಕ ಕ್ರಿಸ್ ಎವನ್ಸ್ ಅದಕ್ಕಾಗಿ ಬಹಿರಂಗವಾಗಿಯೇ ಪ್ರಚಾರ ಮಾಡಿದ್ದರು. ಬಂದ ಹಣ ಸೈನಿಕರ ನೆರವಿನ ಸಂಸ್ಥೆಗಳಿಗೆ ಎಂಬುದೂ ಕೊಂಡವರಿಗೆ ಗೊತ್ತಿತ್ತು. ಹೀಗಾಗಿ ಅಂಕಿಯನ್ನು ಸಂಗೀತದ ಗೆಲುವೆಂದು ಪೂರ್ತಿ ಒಪ್ಪಲಾರೆ. ಒಂದನ್ನಂತೂ ಅದು ಸಾಬೀತು ಮಾಡಿತು: ಜನ ಮೂರು ವಾರ ತಾಲೀಮು ನೋಡಲು ತಯಾರಿದ್ದಾರೆ, ಒರಟಾದ ಮೊದಲ ದಿನವನ್ನು ನೋಡಿದ್ದರಿಂದಲೇ ಪಳಗಿದ ಕೊನೆಯ ದಿನದ ಬೆಲೆ ಅವರಿಗೆ ತಿಳಿಯುತ್ತದೆ.

ಸ್ಪರ್ಧೆಗಳು ಕಲಿತ ಪಾಠ ಬೇರೆ. ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ಗೆ 2017ರಲ್ಲಿ ಕಾಣೆಯಾದವರ ಮನೆಯವರ ವೃಂದ ಬಂತು, ಮರುವರ್ಷ ರಕ್ತದಾನದ ಜಾಗೃತಿಗಾಗಿ ‘ಬಿ ಪಾಸಿಟಿವ್’ ವೃಂದ. ಎರಡೂ ಫೈನಲ್ ಮುಟ್ಟಿದವು, ಎರಡರ ಉದ್ದೇಶವೂ ದೊಡ್ಡದು. ಆದರೆ ವೃಂದವೆಂದರೆ ಒಂದು ನೋವಿನ ಪ್ರತಿನಿಧಿ ಎಂಬ ರೂಢಿ ಇದರಿಂದ ಗಟ್ಟಿಯಾಯಿತು. ಯಾವ ನೋವೂ ಇಲ್ಲದೆ ಬರೀ ಚೆನ್ನಾಗಿ ಹಾಡುವ ಮೂವತ್ತು ಜನ ಅಲ್ಲಿಗೆ ಹೋಗಿ ಏನು ಹೇಳಿಕೊಳ್ಳಬೇಕು? ಪೀಟರ್ ಕಟಾನಿಯೊ ನಿರ್ದೇಶಿಸಿದ ‘ಮಿಲಿಟರಿ ವೈವ್ಸ್’ (2019) ಸಿನಿಮಾ ಕೂಡ ಈ ರೂಢಿಯನ್ನು ಮೀರುವುದಿಲ್ಲ. ಕ್ರಿಸ್ಟಿನ್ ಸ್ಕಾಟ್ ಥಾಮಸ್ ಮತ್ತು ಶ್ಯಾರನ್ ಹೋರ್ಗನ್ ಅಭಿನಯ ಚೆನ್ನಾಗಿದೆ. ಇಬ್ಬರ ನಡುವಿನ ಜಗಳಕ್ಕೆ ಸಿಕ್ಕ ಜಾಗ ಆಲ್ಟೊ ಸಾಲಿಗೆ ಸಿಗಲಿಲ್ಲ.

ಬ್ರಿಟನ್ನಿನ ಸೇನಾನೆಲೆಗಳಲ್ಲೂ ಹೊರದೇಶಗಳ ಬ್ರಿಟಿಷ್ ನೆಲೆಗಳಲ್ಲೂ ಇಂದು ಹತ್ತಾರು ಇಂಥ ವೃಂದಗಳಿವೆ. ಒಂದು ಊರಿನಿಂದ ಇನ್ನೊಂದಕ್ಕೆ ವರ್ಗವಾಗಿ ಹೋದವಳು ಹೊಸ ನೆಲೆಯ ವೃಂದಕ್ಕೆ ಸೇರಿಕೊಳ್ಳುತ್ತಾಳೆ. ಅವರಿಗೀಗ ಬೇಕಾದದ್ದು ಇನ್ನೊಂದು ಸ್ಪರ್ಧೆಯಲ್ಲ, ಸಿಡುಕನ್ನೂ ಬಿಲ್ಲನ್ನೂ ಪ್ರಶ್ನೆಯನ್ನೂ ಒಳಗೊಂಡ ಹೊಸ ರಚನೆ. ಅದನ್ನು ಬರೆಯುವ ಸಂಯೋಜಕರು ಆಲ್ಟೊಗಳ ಸಾಲನ್ನು ಮೊದಲು ಬರೆದುಕೊಳ್ಳಲಿ, ಕೇಳುವ ವಿಮರ್ಶಕರು ಹಾಡುವವರ ಗಂಡ ಯಾರೆಂದು ವಿಚಾರಿಸದೆ ಶ್ರುತಿ ಸೇರಿದೆಯೇ ಎಂದು ನೋಡಿ ಬರೆಯಲಿ.