ವಿಧಿ, ಪ್ರಾರ್ಥನೆ, ಮೌನ: ಇರಾನ್ ನಿರ್ಬಂಧ ನಿರ್ಣಯಗಳ ಒಂದು ವಿಮರ್ಶೆ

ರಾಜತಂತ್ರದ ಕಾಗದಪತ್ರಗಳನ್ನು ವಿಮರ್ಶೆಯ ದೃಷ್ಟಿಯಿಂದ ಓದುವ ಸಂಪ್ರದಾಯ ನಮ್ಮಲ್ಲಿ ಹೆಚ್ಚಾಗಿ ಬೆಳೆದಿಲ್ಲ. ಅವುಗಳ ವಾಕ್ಯಗಳು ದೀರ್ಘ, ಶೈಲಿ ನೀರಸ. ರಸಿಕನಿಗೆ ಅಲ್ಲಿ ದೊರೆಯತಕ್ಕದ್ದು ಏನೂ ಇಲ್ಲವೆಂಬುದು ಸಾಮಾನ್ಯವಾದ ಅಭಿಪ್ರಾಯ. ಆದರೆ ಅರ್ಥನಿರ್ಣಯವೇ ವಿಮರ್ಶಕನ ಮೊದಲ ಕರ್ತವ್ಯವಾಗಿರುವಾಗ ಅವನು ಈ ಬರಹಗಳನ್ನು ದೂರವಿಡುವುದು ಯುಕ್ತವಲ್ಲ. ಕಾವ್ಯದ ಒಂದು ಪದಕ್ಕೆ ತಪ್ಪು ಅರ್ಥ ಹೇಳಿದರೆ ಕೆಡುವುದು ಓದುಗನ ರಸಾನುಭವ ಮಾತ್ರ. ಇಲ್ಲಿಯಾದರೋ ಒಂದು ಕ್ರಿಯಾಪದದ ಅರ್ಥವನ್ನು ಅವಲಂಬಿಸಿ ಒಂದು ದೇಶದ ವ್ಯಾಪಾರ, ಔಷಧ, ಕಡೆಗೆ ಯುದ್ಧಶಾಂತಿಗಳೇ ನಿಂತಿರುತ್ತವೆ. ಇರಾನಿನ ಪರಮಾಣು ಕಾರ್ಯಕ್ರಮವನ್ನು ಕುರಿತು ೨೦೦೬ರಿಂದ ೨೦೨೫ರವರೆಗೆ ನಡೆದ ರಾಜತಾಂತ್ರಿಕ ವ್ಯವಹಾರದ ಮುಖ್ಯ ಪಠ್ಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವಿವಾದದ ಮೂಲ ೧೯೬೮ರ ಪರಮಾಣು ಪ್ರಸರಣ ನಿರೋಧ ಒಪ್ಪಂದದಲ್ಲಿದೆ. ೧೯೭೦ರಲ್ಲಿ ಇರಾನ್ ಅದನ್ನು ಸ್ಥಿರೀಕರಿಸಿತು. ಒಪ್ಪಂದದ ನಾಲ್ಕನೆಯ ವಿಧಿ ಶಾಂತಿಯುತ ಪರಮಾಣು ಶಕ್ತಿಯನ್ನು ಸದಸ್ಯರಾಷ್ಟ್ರಗಳ ಅಪರಿಹಾರ್ಯವಾದ ಹಕ್ಕೆಂದು ಕರೆಯುತ್ತದೆ. ಯುರೇನಿಯಮ್ ಸಮೃದ್ಧೀಕರಣ ಆ ಹಕ್ಕಿನಲ್ಲಿ ಅಡಕವೋ ಅಲ್ಲವೋ ಎಂಬುದನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ. ೨೦೦೨ರಲ್ಲಿ ನತಾನ್ಜ್ ಮತ್ತು ಅರಾಕ್‌ಗಳ ಕೇಂದ್ರಗಳು ಬೆಳಕಿಗೆ ಬಂದಾಗ ಈ ಮೌನವೇ ವಾದದ ಭೂಮಿಯಾಯಿತು. ತನಗೆ ಹಕ್ಕಿದೆಯೆಂದು ಇರಾನ್. ಮುಚ್ಚಿಟ್ಟು ನಡೆಸಿದವನಿಗೆ ಹಕ್ಕಿನ ಮಾತು ಸಲ್ಲದೆಂದು ಪಶ್ಚಿಮದ ರಾಷ್ಟ್ರಗಳು. ಈ ಎರಡನೆಯ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ೨೦೦೯ರ ಸೆಪ್ಟೆಂಬರಿನಲ್ಲಿ ಫೋರ್ದೋ ಪರ್ವತದೊಳಗಿನ ಎರಡನೆಯ ಕೇಂದ್ರವೂ ಬಯಲಾಯಿತು. ನಂಬಿಕೆಗೆ ಬಿದ್ದ ಮೊದಲ ಪೆಟ್ಟು ಇರಾನಿನದೇ ಎಂಬುದನ್ನು ನಾವು ಮರೆಯಬಾರದು.

೨೦೦೬ರ ಜುಲೈ ೩೧ರ ೧೬೯೬ನೆಯ ನಿರ್ಣಯದಲ್ಲಿ ಭದ್ರತಾ ಮಂಡಲಿ ಸಮೃದ್ಧೀಕರಣವನ್ನು ನಿಲ್ಲಿಸುವಂತೆ ಒತ್ತಾಯಿಸಿತು. ಅದೇ ಡಿಸೆಂಬರಿನ ೧೭೩೭ನೆಯ ನಿರ್ಣಯ ಸನ್ನದಿನ ಏಳನೆಯ ಅಧ್ಯಾಯದ ನಲವತ್ತೊಂದನೆಯ ವಿಧಿಯನ್ನು ಆಶ್ರಯಿಸಿ ಮೊದಲ ನಿರ್ಬಂಧಗಳನ್ನು ಹೇರಿತು. ೨೦೦೭ರ ೧೭೪೭, ೨೦೦೮ರ ೧೮೦೩, ೨೦೧೦ರ ೧೯೨೯ ಒಂದರ ಮೇಲೊಂದು ಮೆಟ್ಟಿಲಿನಂತೆ ಏರಿದುವು. ಈ ಪಠ್ಯಗಳಲ್ಲಿ ಎರಡು ಬಗೆಯ ಕ್ರಿಯಾಪದಗಳು ಬೆರೆತಿರುವುದನ್ನು ಗಮನಿಸಬೇಕು. ಕೆಲವೆಡೆ ಮಂಡಲಿ ‘ನಿರ್ಧರಿಸುತ್ತದೆ’; ಕೆಲವೆಡೆ ‘ಕರೆ ನೀಡುತ್ತದೆ’. ನಮ್ಮ ವ್ಯಾಕರಣದಲ್ಲಿ ವಿಧ್ಯರ್ಥಕ ರೂಪ ಆಜ್ಞೆಗೂ ಸಲ್ಲುತ್ತದೆ, ಹಾರೈಕೆಗೂ ಸಲ್ಲುತ್ತದೆ. ‘ಮಾಡಲಿ’ ಎಂದಾಗ ಅದು ಅಪ್ಪಣೆಯೋ ಆಶೀರ್ವಾದವೋ ಎಂಬುದನ್ನು ಹೇಳುವವನ ಸ್ಥಾನದಿಂದ ತಿಳಿಯಬೇಕೇ ಹೊರತು ರೂಪದಿಂದಲ್ಲ. ಭದ್ರತಾ ಮಂಡಲಿಯ ‘ಕರೆ’ಯ ಸ್ವಭಾವವೂ ಇಂಥದೇ.

ಇದಕ್ಕೆ ಉತ್ತಮ ನಿದರ್ಶನ ಕ್ಷಿಪಣಿಗಳ ಪ್ರಕರಣ. ಪರಮಾಣು ಅಸ್ತ್ರವನ್ನು ಒಯ್ಯಬಲ್ಲ ಕ್ಷಿಪಣಿಗಳ ಸಂಬಂಧದಲ್ಲಿ ಇರಾನ್ ಯಾವ ಚಟುವಟಿಕೆಯನ್ನೂ ನಡೆಸಕೂಡದೆಂದು ೨೦೧೦ರ ನಿರ್ಣಯ ನಿರ್ಧರಿಸಿತ್ತು. ೨೦೧೫ರ ೨೨೩೧ನೆಯ ನಿರ್ಣಯದಲ್ಲಿ ಆ ನಿರ್ಧಾರ ಕರೆಯಾಗಿ ಇಳಿಯಿತು. ಅಷ್ಟೇ ಅಲ್ಲ, ‘ಒಯ್ಯಬಲ್ಲ’ ಎಂಬ ವಿಶೇಷಣ ‘ಒಯ್ಯಬಲ್ಲಂತೆ ರೂಪಿಸಿದ’ ಎಂದಾಯಿತು. ಮೊದಲನೆಯದು ವಸ್ತುವಿನ ಸಾಮರ್ಥ್ಯವನ್ನು ಕುರಿತದ್ದು; ಎರಡನೆಯದು ಮಾಡಿದವನ ಉದ್ದೇಶವನ್ನು ಕುರಿತದ್ದು. ಸಾಮರ್ಥ್ಯವನ್ನು ಅಳೆಯಬಹುದು, ಉದ್ದೇಶವನ್ನು ಅಳೆಯುವ ಮಾನದಂಡವೆಲ್ಲಿದೆ? ಮುಂದೆ ಇರಾನ್ ಕ್ಷಿಪಣಿಗಳನ್ನು ಹಾರಿಸಿದಾಗ ಅವು ಆ ಉದ್ದೇಶದಿಂದ ರೂಪಿಸಿದವಲ್ಲವೆಂದು ಅದು ವಾದಿಸಿತು; ಕರೆ ಬೇರೆ, ನಿಷೇಧ ಬೇರೆ ಎಂದು ರಷ್ಯ ಅದನ್ನು ಸಮರ್ಥಿಸಿತು. ಪಠ್ಯ ಇಬ್ಬರಿಗೂ ಆಧಾರವಾಯಿತು, ಯಾರಿಗೂ ಉತ್ತರವಾಗಲಿಲ್ಲ.

ಹಾಗಾದರೆ ದ್ವಂದ್ವಾರ್ಥವೇ ದೋಷವೆ? ಹಾಗೆನ್ನುವುದು ಆತುರದ ತೀರ್ಮಾನವಾದೀತು. ಶ್ಲೇಷೆ ಅಲಂಕಾರವೂ ಆಗಬಲ್ಲದೆಂದು ನಮ್ಮ ಲಾಕ್ಷಣಿಕರು ಒಪ್ಪಿದ್ದಾರೆ. ೨೦೧೩ರ ನವೆಂಬರ್ ೨೪ರಂದು ಜಿನೀವಾದಲ್ಲಿ ಮಧ್ಯಂತರ ಒಡಂಬಡಿಕೆಯಾದಾಗ, ಸಮೃದ್ಧೀಕರಣದ ಹಕ್ಕು ಮಾನ್ಯವಾಯಿತೆಂದು ಇರಾನಿನ ಅಧ್ಯಕ್ಷ ರೂಹಾನಿಯವರು ಹೇಳಿದರು. ಅಂಥ ಹಕ್ಕನ್ನು ಒಪ್ಪಿಲ್ಲವೆಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕೆರಿಯವರು ಹೇಳಿದರು. ಒಂದೇ ಪಠ್ಯದಿಂದ ಎರಡು ಅರ್ಥ ಹೊರಟರೂ ಮಾತುಕತೆ ಮುರಿಯಲಿಲ್ಲ. ಕಾರಣವೇನು? ಹಕ್ಕಿನ ಪ್ರಶ್ನೆಯನ್ನು ಶ್ಲೇಷೆಗೆ ಬಿಟ್ಟು, ನಡತೆಯ ಪ್ರಶ್ನೆಯನ್ನು ಅಂಕಿಗಳಿಗೆ ಒಪ್ಪಿಸಿದರು. ೨೦೧೫ರ ಜುಲೈ ೧೪ರಂದು ವಿಯೆನ್ನಾದಲ್ಲಿ ಸಿದ್ಧವಾದ ಜಂಟಿ ಯೋಜನೆಯಲ್ಲಿ ಸಮೃದ್ಧೀಕರಣದ ಮಿತಿ ಶೇಕಡಾ ೩.೬೭, ಸಂಗ್ರಹದ ಮಿತಿ ೩೦೦ ಕಿಲೋಗ್ರಾಮ್, ನತಾನ್ಜ್‌ನಲ್ಲಿ ನಡೆಯತಕ್ಕ ಯಂತ್ರಗಳು ೫,೦೬೦. ತತ್ತ್ವದಲ್ಲಿ ಅಸ್ಪಷ್ಟತೆ, ಅಳತೆಯಲ್ಲಿ ಸ್ಪಷ್ಟತೆ: ಈ ಪಠ್ಯದ ಗುಣವೆಂದರೆ ಇದೇ. ಕ್ಷಿಪಣಿಯ ವಾಕ್ಯದಲ್ಲಿ ಅಳತೆಯೇ ಇಲ್ಲದ್ದರಿಂದ ಶ್ಲೇಷೆ ಅಲ್ಲಿ ಅಲಂಕಾರವಾಗದೆ ದೋಷವಾಯಿತು.

ನಿರ್ಬಂಧಗಳ ಒತ್ತಡವೇ ಇರಾನನ್ನು ಮಾತುಕತೆಗೆ ತಂದಿತೆಂಬ ವಾದವನ್ನೂ ಇಲ್ಲಿ ಪರಿಶೀಲಿಸಬೇಕು. ೨೦೧೨ರ ಜುಲೈಯಿಂದ ಯೂರೋಪಿನ ಒಕ್ಕೂಟ ಇರಾನಿನ ತೈಲವನ್ನು ಕೊಳ್ಳುವುದನ್ನು ನಿಲ್ಲಿಸಿತು. ಆ ದೇಶದ ತೈಲ ರಫ್ತು ಬಹಳವಾಗಿ ಕುಸಿಯಿತೆಂಬುದು ನಿರ್ವಿವಾದ. ಆದರೆ ೨೦೦೬ರಲ್ಲಿ ೧೬೪ ಯಂತ್ರಗಳ ಒಂದು ಸಾಲಿನಿಂದ ಆರಂಭವಾದ ಕಾರ್ಯಕ್ರಮ, ನಿರ್ಬಂಧಗಳು ಏರುತ್ತಿದ್ದ ಅದೇ ವರ್ಷಗಳಲ್ಲಿ, ೨೦೧೩ರ ವೇಳೆಗೆ ಸುಮಾರು ೧೯,೦೦೦ ಯಂತ್ರಗಳಿಗೆ ಬೆಳೆದಿತ್ತು. ದಂಡ ಯಂತ್ರಗಳನ್ನು ನಿಲ್ಲಿಸಲಿಲ್ಲ. ದಂಡವನ್ನು ತೆಗೆಯುವೆವೆಂಬ ಮಾತು ನಿಲ್ಲಿಸಿತು. ಸಾಮ, ದಾನ, ಭೇದ, ದಂಡಗಳೆಂದು ನಮ್ಮ ರಾಜನೀತಿ ಉಪಾಯಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ನಿರ್ಬಂಧವಾದರೋ ಹೇರುವಾಗ ದಂಡ, ತೆಗೆಯುವಾಗ ದಾನ. ತೆಗೆಯಲಾರದವನ ಕೈಯಲ್ಲಿ ಅದು ಬರಿಯ ದಂಡವಾಗಿಯೇ ಉಳಿದು ಫಲವನ್ನು ಕಳೆದುಕೊಳ್ಳುತ್ತದೆ.

ಹೀಗಿರಲು, ಇಡೀ ವ್ಯವಹಾರ ಒಂದು ಪಕ್ಷಾರ್ಥಕ ವಾಕ್ಯದ ಮೇಲೆ ನಿಂತಿದೆಯೆನ್ನಬಹುದು: ನೀನು ತಡೆದರೆ ನಾವು ಬಿಡುತ್ತೇವೆ. ವಾಕ್ಯದ ಮೊದಲ ಭಾಗವನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತನಿಖೆಗಾರರು ಅಳೆದು ನೋಡುತ್ತಿದ್ದರು; ಇರಾನ್ ಯೋಜನೆಯ ಮಿತಿಗಳಿಗೆ ಬದ್ಧವಾಗಿದೆಯೆಂದು ಅವರ ವರದಿಗಳು ಹೇಳುತ್ತಿದ್ದುವು. ಉತ್ತರಭಾಗಕ್ಕೆ ಅಂಥ ತನಿಖೆಗಾರರಿರಲಿಲ್ಲ. ಯೋಜನೆಗೆ ಯಾರೂ ರುಜು ಹಾಕಿರಲಿಲ್ಲ. ಅಮೆರಿಕದ ಶಾಸನಗಳು ರದ್ದಾಗದೆ, ಅಧ್ಯಕ್ಷರು ಕಾಲಕಾಲಕ್ಕೆ ನೀಡುತ್ತಿದ್ದ ವಿನಾಯಿತಿಯಿಂದ ಮಾತ್ರ ತಡೆಹಿಡಿಯಲ್ಪಟ್ಟಿದ್ದುವು. ೨೦೧೮ರ ಮೇ ೮ರಂದು ಅಧ್ಯಕ್ಷ ಟ್ರಂಪರು ಯೋಜನೆಯಿಂದ ಹೊರಬಂದರು. ೨೦೧೯ರ ಜುಲೈಯಿಂದ ಇರಾನ್ ಮಿತಿಗಳನ್ನು ಮೀರತೊಡಗಿತು. ೨೦೨೧ರಲ್ಲಿ ಸಮೃದ್ಧೀಕರಣ ಶೇಕಡಾ ೬೦ಕ್ಕೆ ಮುಟ್ಟಿತು. ವಾಕ್ಯದ ಅರ್ಧ ಬಿದ್ದ ಮೇಲೆ ಉಳಿದರ್ಧ ನಿಲ್ಲುವುದೆಂತು?

ನಿರ್ಬಂಧದ ಪಠ್ಯಗಳಲ್ಲಿ ಔಷಧಕ್ಕೂ ಆಹಾರಕ್ಕೂ ವಿನಾಯಿತಿಯಿದೆ. ಆದರೆ ಔಷಧದ ಬೆಲೆಯನ್ನು ಸಾಗಿಸಬೇಕಾದ ಬ್ಯಾಂಕುಗಳು ದಂಡಕ್ಕೆ ಹೆದರಿ ಹಿಂಜರಿದಾಗ ಆ ವಿನಾಯಿತಿ ಕಾಗದದಲ್ಲಿಯೇ ಉಳಿಯುತ್ತದೆ. ೨೦೧೮ರ ಅಕ್ಟೋಬರ್ ೩ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಔಷಧ, ಆಹಾರ, ವಿಮಾನಸುರಕ್ಷತೆಗಳಿಗಿರುವ ಅಡ್ಡಿಗಳನ್ನು ತೆಗೆಯಬೇಕೆಂದು ಅಮೆರಿಕಕ್ಕೆ ಮಧ್ಯಂತರ ಆದೇಶ ನೀಡಿದ್ದು ಈ ಅಂತರವನ್ನು ಕಂಡೇ. ಯಂತ್ರಗಳನ್ನು ನಡೆಸುವವನು ಒಬ್ಬ. ಔಷಧದಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವವನು ಇನ್ನೊಬ್ಬ. ನಿರ್ಣಯದ ವ್ಯಾಕರಣದಲ್ಲಿ ಇಬ್ಬರೂ ‘ಇರಾನ್’ ಎಂಬ ಒಂದೇ ಕರ್ತೃಪದದೊಳಗೆ ಅಡಗಿಹೋಗುತ್ತಾರೆ.

ಯಾರ ಮಾತು ಶಾಸನ ಎಂಬ ಪ್ರಶ್ನೆ ನಮ್ಮ ದೇಶಕ್ಕೂ ತಟ್ಟಿತು. ೨೦೦೫ ಮತ್ತು ೨೦೦೬ರಲ್ಲಿ ಪರಮಾಣು ಶಕ್ತಿ ಸಂಸ್ಥೆಯ ಆಡಳಿತ ಮಂಡಲಿಯಲ್ಲಿ ಭಾರತ ಇರಾನಿಗೆ ವಿರುದ್ಧವಾಗಿ ಮತ ನೀಡಿತ್ತು. ಆದರೂ ತೈಲವನ್ನು ಕೊಳ್ಳುತ್ತಿತ್ತು. ಮಂಗಳೂರಿನ ತೈಲ ಶುದ್ಧೀಕರಣಾಗಾರ ಮುಖ್ಯ ಗ್ರಾಹಕರಲ್ಲೊಂದು. ವಿಶ್ವಸಂಸ್ಥೆಯ ನಿರ್ಬಂಧಗಳನ್ನಲ್ಲದೆ ಒಂದು ದೇಶದ ನಿರ್ಬಂಧಗಳನ್ನು ನಾವು ಮನ್ನಿಸುವುದಿಲ್ಲವೆಂದು ೨೦೧೮ರಲ್ಲಿ ನಮ್ಮ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜರು ಹೇಳಿದರು. ಮರುವರ್ಷದ ಮೇ ತಿಂಗಳಲ್ಲಿ ಅಮೆರಿಕದ ವಿನಾಯಿತಿ ಮುಗಿದಾಗ ಆಮದು ನಿಂತಿತು. ಮಂಡಲಿಯ ‘ಕರೆ’ಯನ್ನು ಮೀರಬಹುದಾಗಿತ್ತು, ಯಾವ ಮಂಡಲಿಯೂ ಹೊರಡಿಸದ ಆಜ್ಞೆಯನ್ನು ಮೀರಲಾಗಲಿಲ್ಲ.

ಕಡೆಯದಾಗಿ ೨೨೩೧ನೆಯ ನಿರ್ಣಯದ ಅತ್ಯಂತ ವಿಚಿತ್ರವಾದ ಭಾಗವನ್ನು ನೋಡೋಣ. ಯೋಜನೆಯ ಭಾಗಿಯೊಬ್ಬನು ದೂರು ಕೊಟ್ಟರೆ, ಮೂವತ್ತು ದಿನಗಳೊಳಗೆ ನಿರ್ಬಂಧಮುಕ್ತಿಯನ್ನು ಮುಂದುವರಿಸುವ ನಿರ್ಣಯ ಅಂಗೀಕೃತವಾಗಬೇಕು. ಆಗದಿದ್ದರೆ ಹಳೆಯ ನಿರ್ಬಂಧಗಳು ತಾವಾಗಿ ಮರಳುತ್ತವೆ. ಮೌನ ಸಮ್ಮತಿಯ ಲಕ್ಷಣವೆಂಬುದು ಲೋಕರೂಢಿ. ಇಲ್ಲಿ ಮೌನವೇ ಶಿಕ್ಷೆ. ೨೦೨೫ರ ಆಗಸ್ಟ್ ೨೮ರಂದು ಬ್ರಿಟನ್, ಫ್ರಾನ್ಸ್, ಜರ್ಮನಿಗಳು ಈ ಕ್ರಮವನ್ನು ಆರಂಭಿಸಿದುವು. ಆ ಜೂನ್ ತಿಂಗಳಲ್ಲಿಯೇ ಇಸ್ರೇಲ್ ಮತ್ತು ಅಮೆರಿಕಗಳು ಇರಾನಿನ ಪರಮಾಣು ಕೇಂದ್ರಗಳ ಮೇಲೆ ಬಾಂಬು ಹಾಕಿದ್ದುವು. ಸೆಪ್ಟೆಂಬರಿನಲ್ಲಿ ಮುಕ್ತಿಯನ್ನು ಮುಂದುವರಿಸುವ ನಿರ್ಣಯ ಸೋತು, ತಿಂಗಳ ಕೊನೆಗೆ ನಿರ್ಬಂಧಗಳು ಮರಳಿದುವು. ರಷ್ಯ ಮತ್ತು ಚೀನ ಅದನ್ನು ಒಪ್ಪಲಿಲ್ಲ. ನಿಷೇಧಾಧಿಕಾರವನ್ನು ಗೆಲ್ಲಲು ಹೆಣೆದ ಈ ವಾಕ್ಯ ಶಿಲ್ಪವಾಗಿ ಚಮತ್ಕಾರದ್ದೇ. ಆದರೆ ಎಲ್ಲರ ಒಪ್ಪಿಗೆಯಿಂದ ಬಂದ ವಿಧಿಗೆ ಇರುವ ಬಲ, ಯಾರೂ ತಡೆಯಲಾಗದೆ ಬಂದ ವಿಧಿಗೆ ಇರಲಾರದು.

ಈ ಪಠ್ಯಗಳಿಂದ ನಾವು ಕಲಿಯತಕ್ಕ ಪಾಠ ಇಷ್ಟು. ಹೇರುವ ವಾಕ್ಯವನ್ನು ಬರೆದಷ್ಟು ಎಚ್ಚರದಿಂದ ಬಿಡಿಸುವ ವಾಕ್ಯವನ್ನು ಇಲ್ಲಿ ಬರೆಯಲಿಲ್ಲ. ಮುಂದೆ ಇಂಥ ಇನ್ನೊಂದು ಪಠ್ಯ ನಮ್ಮ ವಿದ್ಯಾರ್ಥಿಗಳ ಕೈಗೆ ಬಂದಾಗ ಅವರು ಮೊದಲು ಶಿಕ್ಷೆಯ ಭಾಗವನ್ನಲ್ಲ, ಬಿಡುಗಡೆಯ ಭಾಗವನ್ನು ಓದಲಿ. ‘ಓದಲಿ’ ಎಂಬ ನಮ್ಮ ಈ ಮಾತಾದರೋ ಆಜ್ಞೆಯಲ್ಲ, ಹಾರೈಕೆ.