ಅರಸು ಇಳಿದ ಮೇಲೆ ಬೆಲೆ ತೆತ್ತವರು ಯಾರು?
(‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಕುರಿತು ಒಂದು ವಿಮರ್ಶೆ)

ಪ್ರಜಾಪೀಡಕನಾದ ಅರಸನನ್ನು ಪೀಠದಿಂದ ಇಳಿಸುವುದು ಧರ್ಮವೇ ಎಂಬುದರಲ್ಲಿ ಇಂದು ಯಾರಿಗೂ ಸಂದೇಹವಿಲ್ಲ. ಆದರೆ ಇಳಿಸಿದ ಕೈ ಯಾರದು, ಆ ಮೇಲೆ ಪೀಠವನ್ನೇರಿದವರು ಯಾರು, ಈ ಬದಲಾವಣೆಯ ವೆಚ್ಚವನ್ನು ಕೊಟ್ಟವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಯಾವ ರಾಜಕೀಯ ಕ್ರಾಂತಿಯನ್ನೂ ತೂಗಲು ಬಾರದು. ಲೆಕ್ಕದ ಪುಸ್ತಕದೊಡನೆ ಬಾಳು ಕಳೆದ ನನಗೆ ಮೂರನೆಯ ಪ್ರಶ್ನೆಯೇ ಮುಖ್ಯವಾಗಿ ತೋರುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1956ರಲ್ಲಿ ಪ್ರಕಟಿಸಿದ, 1983ರ ಜ್ಞಾನಪೀಠ ಪ್ರಶಸ್ತಿಯೊಡನೆ ನಾಡಿನ ಮನೆಮನೆಗೂ ಪರಿಚಿತವಾದ ‘ಚಿಕವೀರ ರಾಜೇಂದ್ರ’ವನ್ನು ಈಚೆಗೆ ಮತ್ತೊಮ್ಮೆ ಓದಿದಾಗ ಈ ಪ್ರಶ್ನೆಗಳು ನನ್ನನ್ನು ಬಿಡದೆ ಕಾಡಿದವು.

ಕಥೆ ಕೊಡಗಿನ ಕೊನೆಯ ಅರಸನದು. ಕ್ರೋಧ, ಮದ್ಯ, ವಿಷಯಲಾಲಸೆಗಳಿಗೆ ವಶನಾದ ದೊರೆ. ಅವನ ಚಪಲಗಳಿಗೆ ಕೈಯಾಸರೆಯಾದ ಕುಂಟ ಬಸವ. ಗಂಡನನ್ನೂ ರಾಜ್ಯವನ್ನೂ ಉಳಿಸಲು ಹೆಣಗುವ ರಾಣಿ ಗೌರಮ್ಮ. ಅರಸನಿಗೆ ಹೇಳಿ ಹೇಳಿ ಸೋತ ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ. ದೊರೆಯ ತಂಗಿ ಗಂಡನೊಡನೆ ಇಂಗ್ಲಿಷರ ಆಶ್ರಯಕ್ಕೆ ಓಡಿದ ಮೇಲೆ ಕಂಪನಿಗೆ ಒಂದು ನೆಪ ದೊರೆಯುತ್ತದೆ. ಮಾಸ್ತಿಯವರ ದೊಡ್ಡತನವೆಂದರೆ ದೊರೆಯನ್ನು ಅವರು ರಾಕ್ಷಸನನ್ನಾಗಿ ಮಾಡಿಲ್ಲ. ಎಳೆತನದಲ್ಲಿ ತಿದ್ದುವವರಿಲ್ಲದೆ ಬೆಳೆದು, ಕೈಯಲ್ಲಿ ಅಧಿಕಾರ ಬಂದಾಗ ತನ್ನನ್ನೇ ಆಳಲಾರದೆ ಹೋದ ಮನುಷ್ಯನನ್ನಾಗಿ ತೋರಿಸಿದ್ದಾರೆ. ಇಂದ್ರಿಯಜಯವಿಲ್ಲದವನ ಪ್ರಭುತ್ವ ಪರರಿಗೂ ತನಗೂ ಕೇಡೆಂಬುದನ್ನು ಉಪದೇಶದ ಮಾತಿಲ್ಲದೆ ಹೇಳಿದ ಕೃತಿ ಇದು.

ಆದರೆ ಕೃತಿಯ ನಿಜವಾದ ದುರಂತ ದೊರೆಯದಲ್ಲ, ಬೋಪಣ್ಣನದು ಎಂದು ನನ್ನ ಅಭಿಪ್ರಾಯ. ಅವನು ಲೋಭಿಯಲ್ಲ, ದ್ರೋಹಬುದ್ಧಿಯವನೂ ಅಲ್ಲ. ನಾಡನ್ನು ಕೆಟ್ಟ ಅರಸನಿಂದ ಬಿಡಿಸಬೇಕೆಂಬ ಅವನ ಉದ್ದೇಶ ಶುದ್ಧವಾಗಿಯೇ ಇತ್ತು. ಆ ಕೆಲಸಕ್ಕೆ ಅವನು ನೆಚ್ಚಿದ್ದು ಹೊರಗಿನ ಸೈನ್ಯವನ್ನು. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಮಡಿಕೇರಿಯನ್ನು ಹೊಕ್ಕಿತು. ಮೇ 7ರ ಘೋಷಣೆಯಲ್ಲಿ, ಕೊಡಗಿನ ಜನರೆಲ್ಲರ ಒಮ್ಮತದ ಇಚ್ಛೆಯಂತೆ ನಾಡನ್ನು ತನ್ನ ಆಳ್ವಿಕೆಗೆ ತೆಗೆದುಕೊಳ್ಳುತ್ತಿರುವುದಾಗಿ ಕಂಪನಿ ಸಾರಿತು. ಪ್ರಜೆಗಳ ಹೆಸರಿನಲ್ಲಿ ಪ್ರಜೆಗಳ ರಾಜ್ಯವನ್ನೇ ಬರೆಸಿಕೊಂಡ ಆ ಪತ್ರವನ್ನು ನೆನೆದಾಗ, ಮನೆಯ ಜಗಳ ತೀರಿಸಲು ಬಂದ ಪಂಚಾಯತಿದಾರನೇ ಮನೆಗೆ ಒಡೆಯನಾದ ಕಥೆಗಳು ನಮಗೆ ನೆನಪಾಗದಿರವು.

ಇಲ್ಲಿಯೇ ಕಾದಂಬರಿಯ ಮಿತಿಯೂ ಕಾಣಿಸುತ್ತದೆ. ಅದರ ನೋಟ ಅರಮನೆಯ ನೋಟ. ಪೀಠ ಕಳೆದುಕೊಂಡ ಅರಸನನ್ನು ಅದು ಇಂಗ್ಲೆಂಡಿನವರೆಗೂ ಹಿಂಬಾಲಿಸುತ್ತದೆ; ಆಳ್ವಿಕೆ ಬದಲಾದಾಗ ಗದ್ದೆಯ ಒಕ್ಕಲಿಗೆ ಏನಾಯಿತೆಂಬುದನ್ನು ವಿಚಾರಿಸುವುದಿಲ್ಲ. ಒಂದು ನಯದಿಂದ ಕಂಡದ್ದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ ಎಂಬುದು ಅನೇಕಾಂತವನ್ನು ಒಪ್ಪಿದ ನಮಗೆ ಹೊಸ ಮಾತೇನಲ್ಲ. ಕಾದಂಬರಿ ಬಿಟ್ಟ ಆ ಇನ್ನೊಂದು ನಯದ ಕಥೆ ನಡೆದದ್ದು ಘಟ್ಟದ ಕೆಳಗೆ, ನಮ್ಮ ಸೀಮೆಯಲ್ಲಿಯೇ.

ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯದ ಪ್ರದೇಶವನ್ನು ಕಂಪನಿ 1834ರ ನಂತರ ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ಇನ್ನು ನಾಣ್ಯದಲ್ಲಿಯೇ ಕಟ್ಟಬೇಕೆಂದಾಯಿತು. ಮೇಲ್ನೋಟಕ್ಕೆ ಇದು ಸಣ್ಣ ಬದಲಾವಣೆ. ವ್ಯಾಪಾರ ಬಲ್ಲವರಿಗೆ ಮಾತ್ರ ಇದರ ಹೊರೆ ಅರ್ಥವಾಗುವುದು. ಕಂತಿನ ದಿನ ಹತ್ತಿರವಾದಾಗ ಊರಿನವರೆಲ್ಲರೂ ಒಮ್ಮೆಗೇ ಭತ್ತ ಮಾರಲು ಬಂದರೆ ಬೆಲೆ ಇಳಿಯುತ್ತದೆ. ಬೆಲೆ ಇಳಿದಾಗ ಅದೇ ತೆರಿಗೆಗೆ ಹೆಚ್ಚು ಮುಡಿ ಅಕ್ಕಿ ಅಳೆಯಬೇಕಾಗುತ್ತದೆ. ಸಾಲದೆ ಹೋದುದಕ್ಕೆ ಸಾಹುಕಾರನ ಬಾಗಿಲು. ಅರಸನಿಳಿದ ವೆಚ್ಚವನ್ನು ತೆತ್ತವನು ಈ ಒಕ್ಕಲು.

ಅದರ ಫಲವೇ 1837ರ ದಂಗೆ. ನಮ್ಮ ಹಿರಿಯರು ಅದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದರು. ಇಂದು ಅದನ್ನು ಅಮರ ಸುಳ್ಯದ ಸ್ವಾತಂತ್ರ್ಯ ಸಮರ ಎನ್ನುತ್ತೇವೆ. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳ್ತನದಲ್ಲಿ ಹೊರಟ ಜನ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳನ್ನು ಹಾದು, ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದರು. ಹದಿಮೂರು ದಿನ ಪಟ್ಟಣ ಅವರ ಕೈಯಲ್ಲಿತ್ತು. ಇಂದು ಪುತ್ತೂರಿನಿಂದ ಪಾಣೆಮಂಗಳೂರಿಗೆ ಹೋಗುವವರು ನಮ್ಮ ಕಲ್ಲಡ್ಕವನ್ನು ದಾಟಿಯೇ ಹೋಗುತ್ತಾರೆ. ದಾಟುವಾಗ ಈ ನೆನಪು ಎಷ್ಟು ಮಂದಿಗಿದೆ?

ಈ ದಂಗೆಯಲ್ಲಿ ಅತ್ಯಂತ ವಿಚಾರಾರ್ಹವಾದ ಸಂಗತಿಯೊಂದಿದೆ. ಜನ ತಮ್ಮಲ್ಲೊಬ್ಬನಾದ ಪುಟ್ಟಬಸವನೆಂಬ ರೈತನನ್ನು, ರಾಜವಂಶದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿಯ ಹೆಸರಿನಿಂದ ಮುಂದೆ ನಿಲ್ಲಿಸಿದರು. ರೈತನ ಸಂಕಟಕ್ಕೆ ರೈತನೇ ನಾಯಕನಾದರೂ ಅರಸನ ಹೆಸರಿಲ್ಲದೆ ಜನ ಕೂಡರೆಂಬ ನಂಬಿಕೆ ಅಂದಿನದು. ಇದು ನಮ್ಮ ನಾಡಿನ ದೌರ್ಬಲ್ಯ ಮಾತ್ರವೆಂದು ತಿಳಿಯಬೇಕಾಗಿಲ್ಲ. 1793ರಲ್ಲಿ ಅರಸನ ತಲೆ ಕಡಿದ ಫ್ರಾನ್ಸ್ ದೇಶ 1804ರಲ್ಲಿ ನೆಪೋಲಿಯನ್ನನಿಗೆ ಚಕ್ರವರ್ತಿಯ ಕಿರೀಟವನ್ನು ಒಪ್ಪಿಸಿತು. ಪೀಠದ ಮೇಲಿನ ವ್ಯಕ್ತಿಯನ್ನು ಬದಲಾಯಿಸುವುದು ಸುಲಭ. ಪೀಠದ ಮೇಲಿನ ಮೋಹವನ್ನು ಬಿಡುವುದು ಕಷ್ಟ.

ನಾಯಕರೂ ಬದಲಾದರು. ಕಾದಂಬರಿಯಲ್ಲಿ ಒಟ್ಟಿಗೆ ನಿಂತ ಮಂತ್ರಿಗಳಿಬ್ಬರು ಚರಿತ್ರೆಯಲ್ಲಿ ಮೂರೇ ವರ್ಷಗಳಲ್ಲಿ ಎದುರುಬದುರಾದರು. ಬೋಪಣ್ಣ ಕಂಪನಿಯ ದಿವಾನನಾಗಿ ದಂಗೆಯನ್ನು ಅಡಗಿಸಲು ನೆರವಾದ. ಲಕ್ಷ್ಮೀನಾರಾಯಣಯ್ಯನನ್ನು ದಂಗೆಯಲ್ಲಿ ಪಾಲುಳ್ಳವನೆಂಬ ಸಂಶಯದ ಮೇಲೆ ಕಂಪನಿ ಸೆರೆಹಿಡಿಯಿತು. ಕಂಪನಿಗೆ ನಿಷ್ಠರಾಗಿ ನಿಂತ ಕೊಡಗಿನವರಿಗೆ ಪದಕಗಳು ದೊರೆತವು. ಮಾಸ್ತಿಯವರು 1837ರವರೆಗೆ ಕಥೆಯನ್ನು ಒಯ್ದಿದ್ದರೆ ಬೋಪಣ್ಣನ ಪಾತ್ರ ಇನ್ನೂ ಆಳವಾಗುತ್ತಿತ್ತೆಂದು ನನಗೆ ಅನಿಸುತ್ತದೆ. ಇದೇ ಬಂಡಾಯವನ್ನು ವಸ್ತುವಾಗಿಸಿ ನಿರಂಜನರು ಬರೆದ ‘ಕಲ್ಯಾಣಸ್ವಾಮಿ’ಯನ್ನೂ ಜೊತೆಗಿಟ್ಟು ಓದಬೇಕೆಂದು ನಮ್ಮ ತರುಣರಲ್ಲಿ ವಿನಂತಿ.

ಇನ್ನು ನಮ್ಮ ಸಮಾಜಕ್ಕೆ ಸಂಬಂಧಿಸಿದ ಮಾತು. ನಂದಾವರದ ಜೈನ ಅರಸು ಮನೆತನದ ಲಕ್ಷ್ಮಪ್ಪ ಬಂಗರಸ ಈ ದಂಗೆಯನ್ನು ಸೇರಿದ. ಅವನನ್ನೂ ಪುಟ್ಟಬಸವನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ನಮ್ಮ ಸಭೆಗಳಲ್ಲಿ ಬಂಗರಸನ ಹೆಸರನ್ನು ಅಭಿಮಾನದಿಂದ ಹೇಳುತ್ತೇವೆ. ಅಹಿಂಸಾವ್ರತದ ಕುಲದವನು ಆಯುಧ ಹಿಡಿದದ್ದು ಸರಿಯೇ ಎಂದು ಕೇಳುವವರಿಗೆ, ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು, ರಕ್ಷಣೆಗಾಗಿ ನಡೆವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು ಎಂದು ಉತ್ತರಿಸುತ್ತೇವೆ. ಉತ್ತರ ಶಾಸ್ತ್ರಸಮ್ಮತವೇ. ಆದರೂ ದಂಗೆಕೋರರು ಮಂಗಳೂರಿನಲ್ಲಿ ಸರಕಾರಿ ಕಟ್ಟಡಗಳಿಗೆ ಬೆಂಕಿಯಿಟ್ಟದ್ದನ್ನೂ ‘ಕಾಟ’ವೆಂಬ ಮಾತು ಜನರ ನಾಲಗೆಯಲ್ಲಿ ಉಳಿದದ್ದನ್ನೂ ನಾವು ಮರೆಯಬಾರದು. ಅನಿವಾರ್ಯವೆಂಬುದು ನಿರ್ದೋಷವೆಂಬುದಕ್ಕೆ ಸಮನಲ್ಲ.

ಬಂಗರಸನ ವಿರೋಧೀ ಹಿಂಸೆಯನ್ನು ಇಷ್ಟು ಸೂಕ್ಷ್ಮವಾಗಿ ತೂಗುವ ನಾವು, ನಮ್ಮ ಪಾಲಿನ ಉದ್ಯೋಗೀ ಹಿಂಸೆಯನ್ನು ತೂಗಿದ್ದೇವೆಯೇ? ಭತ್ತವನ್ನು ನಾಣ್ಯ ಮಾಡಿಕೊಡುವ ಕೆಲಸ ವ್ಯಾಪಾರಿಯದು. ಕಂತಿನ ದಿನವನ್ನು ಬಲ್ಲ ವ್ಯಾಪಾರಿ, ಬೆಲೆ ಇನ್ನೂ ಇಳಿಯಲೆಂದು ಎರಡು ದಿನ ಕಾದರೆ, ಅದು ಉದ್ಯೋಗದಲ್ಲಿ ಆಕಸ್ಮಿಕವಾಗಿ ಆದ ಹಿಂಸೆಯಲ್ಲ. ಅದು ಸಂಕಲ್ಪದಿಂದಲೇ ಆದದ್ದು. ಅಡಿಕೆ ವ್ಯಾಪಾರದಲ್ಲಿ ನಾನೂ ಹಾಗೆ ಕಾದದ್ದುಂಟು. ಆಗ ಅದನ್ನು ಜಾಣತನವೆಂದುಕೊಂಡಿದ್ದೆ. ಇಂದು ಹಾಗೆನ್ನಲು ಮನಸ್ಸು ಒಪ್ಪುತ್ತಿಲ್ಲ.

2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಸಂತೋಷ. ಆದರೆ ಸತ್ತವರನ್ನು ಗೌರವಿಸುವುದು ಅವರು ಎದ್ದುನಿಂತ ಕಾರಣವನ್ನು ಅರಿಯುವುದರಿಂದ ಪೂರ್ಣವಾಗುತ್ತದೆ. ಬೋಪಣ್ಣನ ಪಾಠ ದೊಡ್ಡ ರಾಜ್ಯಗಳಿಗೆ ಮಾತ್ರವಲ್ಲ, ನಮ್ಮ ಬಸದಿಯ ಆಡಳಿತ ಮಂಡಳಿಗೂ ಸಲ್ಲುತ್ತದೆ. ಹಳೆಯ ಮೊಕ್ತೇಸರರನ್ನು ಇಳಿಸಲು ಹೊರಗಿನ ಬಲವನ್ನು ಕರೆಯುವ ಮೊದಲು, ಆ ಬಲ ಮರಳಿ ಹೋಗುವುದೇ ಎಂದು ಯೋಚಿಸಬೇಕು. ಹೊಸಬರು ಕುಳಿತ ಮೇಲೆ ಮೊದಲು ನೋಡಬೇಕಾದದ್ದು ಸನ್ಮಾನದ ಹಾರವನ್ನಲ್ಲ, ಗೇಣಿಯ ಒಕ್ಕಲು, ಪೂಜೆಯ ಇಂದ್ರರು, ಅಂಗಳ ಗುಡಿಸುವವಳು, ಇವರಲ್ಲಿ ಬದಲಾವಣೆಯ ವೆಚ್ಚವನ್ನು ಯಾರು ಹೊರುತ್ತಿದ್ದಾರೆ ಎಂಬುದನ್ನು.