ದಿಗ್ಬಂಧನವೂ ಪಡಿತರ ಚೀಟಿಯೂ

ಹಠಮಾರಿ ಅರಸನೊಬ್ಬನನ್ನು ಬಗ್ಗಿಸಬೇಕೆಂದು ಅವನ ದೇಶದ ವ್ಯಾಪಾರವನ್ನೆಲ್ಲ ತಡೆದರೆ ಮೊದಲು ಬಗ್ಗುವವರು ಯಾರು? ಅಮೆರಿಕದ ತತ್ತ್ವಶಾಸ್ತ್ರದ ಅಧ್ಯಾಪಕಿ ಜಾಯ್ ಗಾರ್ಡನ್ ಅವರು ಬರೆದು, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಕಾಶನವು 2010ರಲ್ಲಿ ಹೊರತಂದ ‘ಇನ್‌ವಿಸಿಬಲ್ ವಾರ್’, ಎಂದರೆ ಕಾಣದ ಯುದ್ಧ, ಎಂಬ ಗ್ರಂಥದ ವಿಷಯ ಇದೇ. ಇರಾಕಿನ ಮೇಲೆ 1990ರಿಂದ 2003ರವರೆಗೆ ನಡೆದ ಆರ್ಥಿಕ ದಿಗ್ಬಂಧನದ ಚರಿತ್ರೆ ಇದರಲ್ಲಿದೆ. ಉಪಾಧ್ಯಾಯರು ಓದಬೇಕಾದ ಗ್ರಂಥವೆಂದು ನನ್ನ ಮತ. ಆದರೂ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ.

1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತನ್ನು ಆಕ್ರಮಿಸಿತು. ಅದು ಅನ್ಯಾಯವೆಂಬುದರಲ್ಲಿ ಎರಡು ಮಾತಿಲ್ಲ. ನಾಲ್ಕು ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 661ನೆಯ ನಿರ್ಣಯದಿಂದ ಇರಾಕಿನ ಆಮದು ರಫ್ತುಗಳನ್ನು ನಿಷೇಧಿಸಿತು. 1991ರ ಯುದ್ಧದಲ್ಲಿ ಕುವೈತು ಬಿಡುಗಡೆ ಹೊಂದಿತು. ನಿಷೇಧ ಮಾತ್ರ ಉಳಿಯಿತು. ಯಾವ ಸರಕು ಒಳಹೋಗಬಹುದೆಂದು ತೀರ್ಮಾನಿಸುತ್ತಿದ್ದುದು ಹದಿನೈದು ಸದಸ್ಯರ ಒಂದು ಸಮಿತಿ. ಅದರ ಸಭೆಗಳು ಮುಚ್ಚಿದ ಬಾಗಿಲೊಳಗೆ ನಡೆಯುತ್ತಿದ್ದವು. ಒಬ್ಬ ಸದಸ್ಯ ಆಕ್ಷೇಪಿಸಿದರೂ ಸರಕು ನಿಲ್ಲುತ್ತಿತ್ತು. ಸೈನ್ಯಕ್ಕೂ ಉಪಯೋಗವಾದೀತೆಂಬ ಕಾರಣದಿಂದ ನೀರು ಸಾಗಿಸುವ ಲಾರಿಗಳನ್ನು, 2001ರಲ್ಲಿ ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಸಹ ಅಮೆರಿಕವು ತಡೆಹಿಡಿದ ಬಗೆಯನ್ನು ಗ್ರಂಥಕರ್ತೆ ಕಾಗದಪತ್ರಗಳ ಆಧಾರದಿಂದ ತೋರಿಸುತ್ತಾರೆ. ತಮ್ಮ ದೇಶದ ತಪ್ಪನ್ನು ಹೀಗೆ ಅಳುಕಿಲ್ಲದೆ ಬರೆಯುವ ಧೈರ್ಯ ಮೆಚ್ಚತಕ್ಕದ್ದು.

ಓದುತ್ತ ನನ್ನ ಮನಸ್ಸು ಪದೇ ಪದೇ ಹೋದುದು ಅಲ್ಲಿಯ ಶಾಲೆಗಳ ಕಡೆಗೆ. 1978ರಲ್ಲಿ ವಯಸ್ಕರ ಸಾಕ್ಷರತೆಗಾಗಿ ದೊಡ್ಡ ಆಂದೋಲನವನ್ನೇ ಹೂಡಿದ್ದ ನಾಡು ಅದು. 1990ಕ್ಕೆ ಮೊದಲು ಸರಕಾರಿ ದರದಲ್ಲಿ ಒಂದು ದೀನಾರಕ್ಕೆ ಮೂರು ಡಾಲರಿಗೂ ಮಿಕ್ಕಿ ಬೆಲೆಯಿತ್ತು. 1995ರ ಕೊನೆಗೆ ಪೇಟೆಯಲ್ಲಿ ಒಂದು ಡಾಲರಿಗೆ ಸುಮಾರು ಮೂರು ಸಾವಿರ ದೀನಾರ ಕೊಡಬೇಕಾಯಿತು. ಉಪಾಧ್ಯಾಯರ ತಿಂಗಳ ಸಂಬಳ ಕೆಲವೇ ಡಾಲರಿಗೆ ಇಳಿಯಿತು. ಪಾಠ ಬಿಟ್ಟು ಬಾಡಿಗೆ ಕಾರು ಓಡಿಸಿದವರುಂಟು. ಓದುಬಲ್ಲವರು ಮನೆಯ ಪುಸ್ತಕಗಳನ್ನು ತಂದು ಬಾಗ್ದಾದಿನ ಮುತನಬ್ಬಿ ಬೀದಿಯಲ್ಲಿ ಮಾರಿದರು. 1996ರ ಡಿಸೆಂಬರಿನಲ್ಲಿ ‘ಎಣ್ಣೆಗೆ ಆಹಾರ’ವೆಂಬ ಏರ್ಪಾಡು ಆರಂಭವಾದ ಮೇಲೂ ಎಣ್ಣೆಯ ಹಣ ವಿಶ್ವಸಂಸ್ಥೆಯ ಹತೋಟಿಯ ಖಾತೆಗೆ ಹೋಗುತ್ತಿತ್ತು. ಮೊದಲ ನಾಲ್ಕು ವರ್ಷ ಅದರಲ್ಲಿ ನೂರಕ್ಕೆ ಮೂವತ್ತು ಭಾಗ ಯುದ್ಧದ ಪರಿಹಾರಕ್ಕೇ ಸಂದಿತು. ಉಳಿದುದರಿಂದ ಬೆಂಚು ಮೇಜುಗಳನ್ನು ಹೊರಗಿನಿಂದ ತರಿಸಬಹುದಿತ್ತು. ಬೆಂಚಿನ ಮುಂದೆ ನಿಂತು ಕಲಿಸುವವನಿಗೆ ಸಂಬಳ ಕೊಡುವಂತಿರಲಿಲ್ಲ! ಈ ಏರ್ಪಾಡಿನ ಮೇಲ್ವಿಚಾರಣೆಗೆ ಬಂದ ಡೆನಿಸ್ ಹ್ಯಾಲಿಡೇ 1998ರಲ್ಲಿಯೂ ಅವರ ತರುವಾಯ ಬಂದ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿಯೂ ಬೇಸತ್ತು ರಾಜೀನಾಮೆ ಕೊಟ್ಟರು.

ಆ ಕಾಲದಲ್ಲಿ ಐದು ಲಕ್ಷ ಮಕ್ಕಳು ಸತ್ತರೆಂಬ ಲೆಕ್ಕ ಜಗತ್ತಿನಲ್ಲೆಲ್ಲ ಹರಡಿತ್ತು. ಅದಕ್ಕೆ ಆಧಾರವಾದ 1999ರ ಸಮೀಕ್ಷೆಯ ಅಂಕಿಗಳನ್ನು ಇರಾಕಿನ ಸರಕಾರವೇ ತಿದ್ದಿತ್ತೆಂದು 2017ರಲ್ಲಿ ಇಬ್ಬರು ವಿದ್ವಾಂಸರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಾದಿಸಿದರು. 2010ರ ಗ್ರಂಥಕ್ಕೆ ಇದು ತಿಳಿದಿರಲು ಸಾಧ್ಯವಿಲ್ಲವಷ್ಟೆ. ಇಂದು ಓದುವವರು ಆ ಸಂಖ್ಯೆಯನ್ನು ಬದಿಗಿಡುವುದು ಲೇಸು. ಹಸಿವೂ ಕೊಳಕು ನೀರೂ ಸುಳ್ಳಲ್ಲ. ಅವುಗಳ ಸಾಕ್ಷ್ಯಕ್ಕೆ ಅರಸನ ಅಂಕಿ ಬೇಕಾಗಿಲ್ಲ.

ಇನ್ನು ಕೊರತೆಯ ಮಾತು. ಗ್ರಂಥಕರ್ತೆಯ ಕಣ್ಣು ನ್ಯೂಯಾರ್ಕಿನ ಸಮಿತಿಯ ಮೇಲೆ ನೆಟ್ಟಷ್ಟು ಬಾಗ್ದಾದಿನ ಅರಮನೆಯ ಮೇಲೆ ನೆಟ್ಟಿಲ್ಲ. ಸದ್ದಾಮನು ದಿಗ್ಬಂಧನದಿಂದ ಸೊರಗಲಿಲ್ಲವೆಂದಷ್ಟೇ ಹೇಳಿದರೆ ಸಾಲದು. ಅವನು ಅದರಿಂದ ಪಡೆದುದನ್ನೂ ವಿಸ್ತಾರವಾಗಿ ವಿಚಾರಿಸಬೇಕಿತ್ತು. ಕಳ್ಳಸಾಗಣೆಯ ಎಣ್ಣೆಯ ಹಣ ಅವನದಾಯಿತು, ಹೊಸ ಅರಮನೆಗಳೆದ್ದವು. ಅದಕ್ಕಿಂತ ದೊಡ್ಡದು 1990ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಡಿತರ. ಹಿಟ್ಟು, ಅಕ್ಕಿ, ಸಕ್ಕರೆ, ಚಹಾ, ಎಣ್ಣೆ ಇವುಗಳಿಗಾಗಿ ಪ್ರತಿಯೊಂದು ಕುಟುಂಬವೂ ಸರಕಾರದ ಪಟ್ಟಿಯಲ್ಲಿ ಹೆಸರು ಬರೆಸಬೇಕಾಯಿತು. ಪಡಿತರದಂಗಡಿಯ ಮುಂದೆ ನಿಂತು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನ್ನದ ಚೀಟಿ ಯಾರ ಕೈಯಲ್ಲಿದೆಯೋ ಅವನಿಗೆ ಎದುರು ನಿಲ್ಲುವವರು ಎಷ್ಟು ಮಂದಿ? ಜನರನ್ನು ಅವನ ಮೇಲೆ ಎತ್ತಿಕಟ್ಟಲೆಂದು ಹೂಡಿದ ಉಪಾಯವು ಜನರನ್ನು ಅವನ ಉಗ್ರಾಣಕ್ಕೇ ಕಟ್ಟಿಹಾಕಿತು.

ಕೊನೆಗೆ ಸದ್ದಾಮನನ್ನು ಇಳಿಸಿದ್ದು 2003ರ ಯುದ್ಧ. ಅದೇ ವರ್ಷದ ಮೇ ತಿಂಗಳಿನಲ್ಲಿ ವ್ಯಾಪಾರದ ನಿಷೇಧ ತೆರವಾಯಿತು. ಪಡಿತರ ನಿಲ್ಲಲಿಲ್ಲ. 2005ರ ಜನವರಿಯ ಚುನಾವಣೆಗೆ ಮತದಾರರ ಪಟ್ಟಿಯನ್ನು ಸಿದ್ಧಪಡಿಸಿದ್ದು ಅದೇ ಪಡಿತರದ ದಾಖಲೆಗಳಿಂದ.